172 ದಿನದ ಲೆಕ್ಕ: ಬೇಸ್‌ಬಾಲ್ ಹುಡುಗರು ‘ತಯಾರು’ ಆಗುವುದು ಯಾವಾಗ?

ಮಾರ್ಚ್ ಕೊನೆ ಬಂತೆಂದರೆ ಅಮೆರಿಕದ ಬೇಸ್‌ಬಾಲ್ ಮಂದಿಗೆ ಒಂದೇ ಚರ್ಚೆ. ಆ ಹೊಸ ಹುಡುಗನನ್ನು ಮೇಜರ್ ಲೀಗ್ ತಂಡದಲ್ಲಿ ಇಟ್ಟುಕೊಳ್ಳುತ್ತಾರೋ, ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎಗೆ ಕಳಿಸುತ್ತಾರೋ? ಹುಡುಗನ ಹೆಸರು ವರ್ಷವರ್ಷ ಬದಲಾಗುತ್ತದೆ, ತಂಡದ ಕಚೇರಿಯ ಉತ್ತರ ಮಾತ್ರ ಹೆಚ್ಚುಕಡಿಮೆ ಅದೇ: ‘ಇನ್ನೂ ಸ್ವಲ್ಪ ಪಳಗಬೇಕು.’ ರಣಜಿಯಲ್ಲಿ ರನ್ ಗುಡ್ಡೆ ಹಾಕಿದವನಿಗೆ ಟೆಸ್ಟ್ ಕರೆ ಬರದಿದ್ದರೆ ನಾವು ಆಯ್ಕೆ ಸಮಿತಿಯನ್ನು ಬೈದು ಸುಮ್ಮನಾಗುತ್ತೇವೆ. ಅಲ್ಲಿ ಆಯ್ಕೆಯ ಬೆನ್ನಿಗೇ ಒಂದು ಕರಾರು ಅಂಟಿಕೊಂಡಿದೆ. ಗೋಜಲೆಲ್ಲ ಅದರದ್ದೇ.

ಮೊದಲು ಸಮಸ್ಯೆ ಉಲ್ಟಾ ಇತ್ತು. 1950ರ ದಶಕದಲ್ಲಿ ಸಹಿ ಹಾಕುವಾಗ 4,000 ಡಾಲರ್‌ಗಿಂತ ಹೆಚ್ಚು ಬೋನಸ್ ಪಡೆದ ಹುಡುಗನನ್ನು ಎರಡು ವರ್ಷ ಮೇಜರ್ ಲೀಗ್ ತಂಡದಲ್ಲೇ ಇಟ್ಟುಕೊಳ್ಳಬೇಕೆಂಬ ನಿಯಮವಿತ್ತು. ಸ್ಯಾಂಡಿ ಕೌಫ್ಯಾಕ್ಸ್‌ನಂಥ ಪಿಚರ್ (ಚೆಂಡೆಸೆಯುವವನು) ಕೂಡ ಈ ನಿಯಮದಿಂದಾಗಿ 1955ರಲ್ಲಿ ಹೆಚ್ಚಿನ ದಿನ ಬೆಂಚಿನ ಮೇಲೆ ಕೂತೇ ಕಳೆದ. 1973ರಲ್ಲಿ 18 ವರ್ಷದ ಡೇವಿಡ್ ಕ್ಲೈಡ್ ಹೈಸ್ಕೂಲ್ ಮುಗಿಸಿ ತಿಂಗಳು ತುಂಬುವುದರೊಳಗೆ ಟೆಕ್ಸಸ್ ತಂಡಕ್ಕೆ ಪಿಚ್ ಮಾಡಿದ. ಕ್ರೀಡಾಂಗಣ ತುಂಬಿತು, ಅವನು ಗೆದ್ದ. 24ನೇ ವಯಸ್ಸಿಗೆ ಮೇಜರ್ ಲೀಗ್‌ನಿಂದ ಹೊರಗಿದ್ದ. ಅವಸರ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಇವತ್ತಿಗೂ ಅವನದೇ ಉದಾಹರಣೆ.

ಆಟಗಾರರ ಸಂಘಕ್ಕೂ ತಂಡಗಳಿಗೂ ನಡುವಿನ 1976ರ ಒಪ್ಪಂದ ಎಲ್ಲವನ್ನೂ ಬದಲಿಸಿತು. ಆರು ವರ್ಷ ಸರ್ವಿಸ್ ಮುಗಿಸಿದ ಆಟಗಾರ ಇಷ್ಟಬಂದ ತಂಡಕ್ಕೆ ಹೋಗಬಹುದು, ಅಂದರೆ ಫ್ರೀ ಏಜೆಂಟ್. ಈಗಿನ ಸೀಸನ್ ಸುಮಾರು 187 ದಿನ. ಅದರಲ್ಲಿ 172 ದಿನ ತಂಡದ ಪಟ್ಟಿಯಲ್ಲಿದ್ದರೆ ಒಂದು ಪೂರ್ತಿ ವರ್ಷ ಜಮೆಯಾಗುತ್ತದೆ. ಗಾಯವಾಗಿ ಕೂತಿದ್ದರೂ ದಿನ ಎಣಿಕೆಗೆ ಬರುತ್ತದೆ, ಟ್ರಿಪಲ್-ಎಯಲ್ಲಿ ಆಡಿದರೆ ಬರುವುದಿಲ್ಲ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು (2025ರಲ್ಲಿ 7,60,000 ಡಾಲರ್). ಆಮೇಲೆ ಮಧ್ಯಸ್ಥಿಕೆಯಲ್ಲಿ (ತಂಡಕ್ಕೂ ಆಟಗಾರನಿಗೂ ಒಮ್ಮತ ಬರದಿದ್ದರೆ ಮೂರನೆಯವರು ಸಂಬಳ ತೀರ್ಮಾನಿಸುವುದು) ಸಂಬಳ ಏರುತ್ತದೆ. ಹಾಗಾಗಿ ಮೊದಲ ವರ್ಷ 171 ದಿನಕ್ಕೆ ನಿಂತರೆ ತಂಡಕ್ಕೆ ಆ ಆಟಗಾರ ಆರರ ಬದಲು ಹೆಚ್ಚುಕಡಿಮೆ ಏಳು ವರ್ಷ ಸಿಗುತ್ತಾನೆ. ಇದಕ್ಕೆ ಹಿಡಿದಿಡಬೇಕಾದದ್ದು ಎರಡು ವಾರ, ಅಷ್ಟೆ.

ಇಲ್ಲೊಂದು ಸೂಕ್ಷ್ಮವಿದೆ. ಮೇಜರ್ ಲೀಗ್ ಕರಾರು ಇರುವ 40 ಜನರ ಪಟ್ಟಿಯಲ್ಲಿ ಈಗಾಗಲೇ ಇರುವವನನ್ನು ಒಂದು ಸೀಸನ್ನಿನಲ್ಲಿ ಒಟ್ಟು 20 ದಿನಕ್ಕಿಂತ ಕಡಿಮೆ ಕೆಳಗೆ ಕಳಿಸಿದರೆ ಆ ದಿನಗಳೂ ಅವನ ಖಾತೆಗೇ ಹೋಗುತ್ತವೆ. ಹೀಗಾಗಿ ಎರಡು ವಾರದ ಈ ಲೆಕ್ಕ ಸಲೀಸಾಗಿ ನಡೆಯುವುದು ಪಟ್ಟಿಗೆ ಇನ್ನೂ ಸೇರದ ಹೊಸಬರ ಮೇಲೆಯೇ.

ಇದು ಮನೆಮಾತಾದದ್ದು 2015ರಲ್ಲಿ. ಶಿಕಾಗೋ ಕಬ್ಸ್‌ನ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ 40 ಅವಕಾಶಕ್ಕೆ 17 ಹಿಟ್ ಹೊಡೆದ, ಅದರಲ್ಲಿ 9 ಹೋಮ್‌ರನ್ (ಮೈದಾನದಾಚೆ ಹೋದ ಹೊಡೆತ). ಫೀಲ್ಡಿಂಗ್ ಸುಧಾರಿಸಬೇಕು ಎಂದು ಅವನನ್ನು ಕಬ್ಸ್‌ನ ಟ್ರಿಪಲ್-ಎ ತಂಡವಿರುವ ಅಯೋವಾಕ್ಕೆ ಕಳಿಸಲಾಯಿತು. ಸೀಸನ್ ಶುರುವಾದದ್ದು ಏಪ್ರಿಲ್ 5ಕ್ಕೆ, ಅವನು ಬಂದದ್ದು 17ಕ್ಕೆ. ಆ ವರ್ಷದ 183 ದಿನದಲ್ಲಿ 12 ಕಳೆದರೆ ಉಳಿಯುವುದು ಸರಿಯಾಗಿ 171. ಅವನು ಆ ವರ್ಷದ ಶ್ರೇಷ್ಠ ರೂಕಿ (ಮೊದಲ ವರ್ಷದ ಆಟಗಾರ) ಆದ, ಮರುವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ. ದೂರು ಕೊಟ್ಟಿದ್ದ, ತೀರ್ಪು ಬರುವಾಗ 2020, ಅದೂ ಅವನ ವಿರುದ್ಧ. ತಂಡ ಮಾಡಿದ್ದು ನಿಯಮದ ಒಳಗೇ ಇತ್ತು. ಮಾವಿನ ಹಾಗೆ ಫೀಲ್ಡಿಂಗ್ ಕೂಡ ಏಪ್ರಿಲ್ ನಡುವಿಗೇ ಮಾಗುವುದು ಯಾಕೋ ಎಂದು ಕೇಳುವವರು ಮಾತ್ರ ಅವತ್ತಿನಿಂದ ಹೆಚ್ಚಾದರು.

ಹಾಗಂತ ‘ಪಳಗಬೇಕು’ ಎನ್ನುವುದು ಯಾವಾಗಲೂ ನೆಪವಲ್ಲ. ಟ್ರಿಪಲ್-ಎಯಲ್ಲೂ ಗಂಟೆಗೆ 150 ಕಿ.ಮೀ. ದಾಟಿಸುವ ಪಿಚರ್‌ಗಳಿದ್ದಾರೆ, ಆ ವೇಗದ ಚೆಂಡು ಬ್ಯಾಟ್ ತನಕ ಬರಲು ಸುಮಾರು 0.4 ಸೆಕೆಂಡ್ ಸಾಕು. ಮೇಲೆ ಹೋದರೆ ಅದೇ ವೇಗದ ಜೊತೆಗೆ, ಅದೇ ಕೈಯಿಂದ, ಇನ್ನೆರಡು ಬಗೆಯ ಚೆಂಡು ಸ್ಟ್ರೈಕ್ ವಲಯದ (ಬ್ಯಾಟರ್ ಆಡಲೇಬೇಕಾದ ಚೆಂಡಿನ ಜಾಗ) ಅಂಚಿಗೇ ಬಂದು ಬೀಳುತ್ತದೆ. ಬ್ಯಾಟರ್‌ನ ದೌರ್ಬಲ್ಯವನ್ನು ಎದುರಾಳಿಗಳು ಒಂದೆರಡು ಸರಣಿಯಲ್ಲೇ ಪತ್ತೆಹಚ್ಚಿ ಅಲ್ಲಿಗೇ ಎಸೆಯುತ್ತಾರೆ. ಆದ್ದರಿಂದ ಬಲ್ಲವರು ಬ್ಯಾಟಿಂಗ್ ಸರಾಸರಿಯನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ವಲಯದೊಳಗಿನ ಚೆಂಡಿಗೆ ಎಷ್ಟು ಸಲ ಬ್ಯಾಟ್ ಬೀಸಿಯೂ ತಾಗಿಸಲಾರದೆ ಹೋದ, ಹೊರಗಿನದಕ್ಕೆ ಎಷ್ಟು ಸಲ ಆಸೆಪಟ್ಟ ಅನ್ನುವುದನ್ನು. ಎಡಗೈ ಬ್ಯಾಟರ್ ಆದರೆ ಎಡಗೈ ಪಿಚರ್ ಎದುರು ಏನು ಮಾಡಿದ ಎಂಬುದನ್ನು ಬೇರೆಯೇ ತೆಗೆದು ನೋಡಬೇಕು. ಹೊಡೆತದಲ್ಲಿ ಚೆಂಡು ಗಂಟೆಗೆ 95 ಮೈಲಿ ದಾಟಿತೋ ಎನ್ನುವುದು ನಂತರದ ಮಾತು.

ಮೈದಾನವೂ ಸುಳ್ಳು ಹೇಳುತ್ತದೆ. ಟ್ರಿಪಲ್-ಎ ತಂಡಗಳಿರುವ ಆಲ್ಬುಕರ್ಕಿ, ರೆನೊ ಎತ್ತರದ ಊರುಗಳು. ಗಾಳಿ ತೆಳು, ಕರ್ವ್‌ಬಾಲ್ (ಬಾಗುತ್ತ ಬರುವ ಚೆಂಡು) ಕಡಿಮೆ ತಿರುಗುತ್ತದೆ, ಎತ್ತಿ ಹೊಡೆದದ್ದು ದೂರ ಹೋಗುತ್ತದೆ. ಅಲ್ಲಿನ 25 ಹೋಮ್‌ರನ್ನನ್ನು ಸಮುದ್ರಮಟ್ಟದ ನಾರ್ಫೋಕ್‌ನ 25ರ ಪಕ್ಕ ಇಟ್ಟು ತೂಗಬಾರದು. ಇನ್ನು 2023ರಿಂದ ಟ್ರಿಪಲ್-ಎ ಮೈದಾನಗಳಲ್ಲಿ ಸ್ಟ್ರೈಕ್ ತೀರ್ಮಾನಕ್ಕೆ ಯಂತ್ರ ಬಂತು. ಯಂತ್ರದ ಬಿಗಿ ವಲಯದಲ್ಲಿ ಸಲೀಸಾಗಿ ವಾಕ್ (ವಲಯದ ಹೊರಗಿನ ನಾಲ್ಕು ಚೆಂಡಿಗೆ ಸಿಗುವ ಉಚಿತ ಬೇಸ್) ಪಡೆದವನು ಮೇಲೆ ಬಂದು ಅಂಪೈರ್ ಕಣ್ಣಿನ ವಲಯಕ್ಕೆ ಹೊಂದಿಕೊಳ್ಳಬೇಕಿತ್ತು.

ಸಿಯಾಟಲ್‌ನ ಜ್ಯಾರೆಡ್ ಕೆಲೆನಿಕ್ 2021ರ ಮೇನಲ್ಲಿ ಮೇಜರ್ ಲೀಗ್‌ಗೆ ಬಂದಾಗ ಆಡಿದ್ದ ಟ್ರಿಪಲ್-ಎ ಪಂದ್ಯ ಆರೇ ಆರು. ಹಿಂದಿನ ವರ್ಷ ಕೋವಿಡ್‌ನಿಂದ ಮೈನರ್ ಲೀಗ್ (ಟ್ರಿಪಲ್-ಎ ಮತ್ತು ಅದರ ಕೆಳಗಿನ ಹಂತಗಳು) ನಡೆದೇ ಇರಲಿಲ್ಲ. ಒಂದು ಹಂತದಲ್ಲಿ ಸತತ 39 ಅವಕಾಶದಲ್ಲಿ ಒಂದೂ ಹಿಟ್ ಬರಲಿಲ್ಲ, ಜೂನ್‌ನಲ್ಲಿ ವಾಪಸ್.

2022ರ ಒಪ್ಪಂದ ಕೋಲಿನ ಬದಲು ಬೆಲ್ಲ ತೋರಿಸಿತು. ಭರವಸೆಯ ಹೊಸಬರ ಪ್ರಮುಖ ಪಟ್ಟಿಗಳ ಮೊದಲ ನೂರರಲ್ಲಿರುವ ಹುಡುಗನನ್ನು ಪೂರ್ತಿ ವರ್ಷ ಆಡಿಸಿ, ಅವನು ಶ್ರೇಷ್ಠ ರೂಕಿಯಾದರೆ ತಂಡಕ್ಕೆ ಹೆಚ್ಚುವರಿ ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಹುಡುಗರನ್ನು ಆರಿಸುವ ಸರದಿಯಲ್ಲಿ ಇನ್ನೊಂದು ಅವಕಾಶ. ತಡವಾಗಿ ಕರೆಸಿದರೂ ರೂಕಿ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದವನಿಗೆ ಪೂರ್ತಿ ವರ್ಷದ ಸರ್ವಿಸ್. ಸಿಯಾಟಲ್ ಆ ವರ್ಷ ಹೂಲಿಯೊ ರೊಡ್ರಿಗಸ್‌ನನ್ನು ಮೊದಲ ದಿನವೇ ಆಡಿಸಿತು. ಏಪ್ರಿಲ್ ಪೂರ್ತಿ ಒಂದೂ ಹೋಮ್‌ರನ್ ಇಲ್ಲ. ತಂಡ ಕಾಯಿತು, ಅವನು 28ಕ್ಕೆ ಮುಗಿಸಿ ಪ್ರಶಸ್ತಿ ಗೆದ್ದ, ಡ್ರಾಫ್ಟ್ ಆಯ್ಕೆಯೂ ಬಂತು. 2024ರಲ್ಲಿ ಪಿಟ್ಸ್‌ಬರ್ಗ್ ತಂಡ ಪಾಲ್ ಸ್ಕೀನ್ಸ್‌ನನ್ನು ಮೇ 11ರವರೆಗೆ ಕೆಳಗೇ ಇಟ್ಟಿತ್ತು. ಪಿಚರ್ ಆದ್ದರಿಂದ ಇನಿಂಗ್ಸ್ ಮಿತಗೊಳಿಸುವುದಕ್ಕೆ ಕಾರಣವೂ ಇತ್ತು. ಅವನು ಪ್ರಶಸ್ತಿ ಗೆದ್ದ, ಪೂರ್ತಿ ವರ್ಷ ಅವನ ಖಾತೆಗೆ ಬಂತು, ತಂಡಕ್ಕೆ ಆ ಡ್ರಾಫ್ಟ್ ಆಯ್ಕೆ ಸಿಗಲಿಲ್ಲ.

ಅದೇ 2024ರಲ್ಲಿ 20 ವರ್ಷದ ಇಬ್ಬರು ಜ್ಯಾಕ್ಸನ್‌ಗಳಿದ್ದರು. ಬಾಲ್ಟಿಮೋರ್‌ನ ಜ್ಯಾಕ್ಸನ್ ಹಾಲಿಡೇ ಹಿಂದಿನ ವರ್ಷ ಮೈನರ್ ಲೀಗ್‌ನ ನಾಲ್ಕೂ ಮೆಟ್ಟಿಲು ಹತ್ತಿದ್ದ. ಅವನನ್ನು ಮೊದಲು ಟ್ರಿಪಲ್-ಎ ತಂಡದ ನಾರ್ಫೋಕ್‌ಗೆ ಕಳಿಸಿದರು, ಏಪ್ರಿಲ್ 10ಕ್ಕೆ ಕರೆಸಿದರು. 34 ಅವಕಾಶದಲ್ಲಿ ಎರಡು ಹಿಟ್, 18 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್). ಹತ್ತೇ ಪಂದ್ಯಕ್ಕೆ ವಾಪಸ್. ಮಿಲ್ವಾಕಿಯ ಜ್ಯಾಕ್ಸನ್ ಚೌರಿಯೊ ಟ್ರಿಪಲ್-ಎಯಲ್ಲಿ ಆಡಿದ್ದು ಬರೀ ಆರು ಪಂದ್ಯ. ಆದರೆ ಹಿಂದಿನ ಡಿಸೆಂಬರ್‌ನಲ್ಲೇ ಎಂಟು ವರ್ಷಕ್ಕೆ 8.2 ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿದ್ದ, ಹಾಗಾಗಿ ಅವನ ಮಟ್ಟಿಗೆ 171, 172 ಎಂಬ ಲೆಕ್ಕವೇ ಉಳಿದಿರಲಿಲ್ಲ. ಮೊದಲ ಪಂದ್ಯಕ್ಕೇ ಆಡಿಸಿದರು. ಮೊದಲೆರಡು ತಿಂಗಳು ಅವನೂ ತಡವರಿಸಿದ. ಅವನನ್ನು ಯಾರೂ ಕೆಳಗೆ ಕಳಿಸಲಿಲ್ಲ.