ಓದುಗರ ಪ್ರಶ್ನೆ: ರಾಜಕಾರಣದ ಜಾರಿಕೆಯ ಮಾತನ್ನು ವಿಡಂಬನೆ ನಿಜವಾಗಿ ಬಯಲು ಮಾಡುತ್ತದೆಯೇ?

ಪ್ರಶ್ನೆ: ಕೇಳಿದ್ದಕ್ಕೆ ನೇರ ಉತ್ತರ ಕೊಡದೆ ರಾಜಕಾರಣಿಗಳು ಜಾರಿಕೊಳ್ಳುವುದನ್ನು ದಿನವೂ ನೋಡುತ್ತೇವೆ. ವ್ಯಂಗ್ಯಚಿತ್ರ, ಅಣಕು, ವಿಡಂಬನೆಗಳಿಂದ ಆ ಜಾರಿಕೆ ಬಯಲಾಗುತ್ತದೆಯೇ, ಅಥವಾ ನಾವು ನಕ್ಕು ಹಗುರಾಗಿ ವಿಷಯವನ್ನೇ ಮರೆತುಬಿಡುತ್ತೇವೆಯೇ?

ಉತ್ತರ: ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಎರಡೂ ಆಗುತ್ತದೆ. ಆದರೆ ಯಾವಾಗ ಬಯಲಾಗುತ್ತದೆ, ಯಾವಾಗ ಮರೆವಿಗೆ ದಾರಿಯಾಗುತ್ತದೆ ಎಂಬುದನ್ನು ಸಾಕಷ್ಟು ಖಚಿತವಾಗಿ ಗುರುತಿಸಬಹುದು ಎಂದು ನನಗನ್ನಿಸುತ್ತದೆ. ಜಾರಿಕೆಯ ಮಾತು ಬಹುಮಟ್ಟಿಗೆ ಒಂದೇ ಕೆಲಸವನ್ನು ಮಾಡುತ್ತದೆ: ಮಾಡಿದವರನ್ನು ವಾಕ್ಯದಿಂದ ಹೊರಗೆ ಕಳುಹಿಸುತ್ತದೆ. ಹಾಗೆ ಹೊರಗೆ ಹೋದವರನ್ನು ಮರಳಿ ಕರೆತಂದು ವಾಕ್ಯದೊಳಗೆ ನಿಲ್ಲಿಸುವ ವಿಡಂಬನೆ ಬಯಲು ಮಾಡುತ್ತದೆ. ಅವರ ನಡಿಗೆಯನ್ನೋ ಉಚ್ಚಾರಣೆಯನ್ನೋ ಅಣಕಿಸಿ ತೃಪ್ತಿಪಡುವ ವಿಡಂಬನೆ ನಗುವಿನೊಂದಿಗೇ ಮುಗಿದುಹೋಗುತ್ತದೆ.

ಮೊದಲು ಜಾರಿಕೆಯ ವ್ಯಾಕರಣವನ್ನು ನೋಡಬೇಕು. ‘ವಿಷಯವು ಸರ್ಕಾರದ ಗಮನಕ್ಕೆ ಬಂದಿರುತ್ತದೆ. ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಮಾತನ್ನು ವಿಧಾನಮಂಡಲದ ಕಲಾಪವನ್ನು ಓದಿದವರೂ ಬಲ್ಲರು, ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಕಾದವರೂ ಬಲ್ಲರು. ಇದರಲ್ಲಿ ಬರುವುದು, ಪರಿಶೀಲಿಸುವುದು, ಕೈಗೊಳ್ಳುವುದು ಎಂಬ ಮೂರು ಕ್ರಿಯೆಗಳಿದ್ದರೂ ಒಬ್ಬ ಮನುಷ್ಯನೂ ಇಲ್ಲ. ವಿಷಯ ತಾನಾಗಿಯೇ ನಡೆದು ಬಂದಿದೆ. ಪರಿಶೀಲಿಸುವವರ ಹೆಸರಿಲ್ಲ. ಕ್ರಮ ಯಾವುದು, ಯಾವ ದಿನಾಂಕದೊಳಗೆ ಎಂಬುದಿಲ್ಲ. ‘ಸೂಕ್ತ’ ಎಂಬ ಪದ ಆ ಎರಡೂ ಖಾಲಿ ಜಾಗಗಳನ್ನು ಮುಚ್ಚಿದೆ. ಕನ್ನಡದ ಸಹಜ ಮಾತುಕತೆಯಲ್ಲಿ ಈ ಕರ್ಮಣಿ ಪ್ರಯೋಗ ಬಹಳ ಅಪರೂಪ ಎಂಬುದನ್ನು ಗಮನಿಸಬೇಕು. ‘ಅನ್ನ ಮಾಡಲಾಗಿದೆ’ ಎಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ‘ಅಮ್ಮ ಅನ್ನ ಮಾಡಿದ್ದಾಳೆ’ ಎನ್ನುತ್ತೇವೆ. ಆದ್ದರಿಂದಲೇ ‘ಲಾಗುವುದು’, ‘ಲಾಗಿದೆ’ ಎಂದು ಮುಗಿಯುವ ವಾಕ್ಯ ಕಿವಿಗೆ ಬಿದ್ದ ಕೂಡಲೇ ಕನ್ನಡಿಗರಿಗೆ ಕಚೇರಿಯ ವಾಸನೆ ಹೊಡೆಯುತ್ತದೆ, ಮತ್ತು ಅದೇ ಸಂಗತಿಯನ್ನು ಆಡುಮಾತಿನಲ್ಲಿ ಒಮ್ಮೆ ಹೇಳಿಬಿಟ್ಟರೆ ಆ ವಾಕ್ಯ ಅಲ್ಲಿಯೇ ಕುಸಿಯುತ್ತದೆ.

ಎರಡನೆಯ ಬಗೆಯಲ್ಲಿ ಮಾತನಾಡುವವರು ವಾಕ್ಯದೊಳಗೆ ಇರುತ್ತಾರೆ, ಆದರೆ ತಪ್ಪು ಇರುವುದಿಲ್ಲ. ‘ನನ್ನ ಮಾತಿನಿಂದ ಯಾರದಾದರೂ ಮನಸ್ಸಿಗೆ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬಲ್ಲಿ ಇಡೀ ಹೊಣೆ ‘ಆಗಿದ್ದರೆ’ ಎಂಬ ಪದದ ಮೇಲೆ ನಿಂತಿದೆ. ನೋವಾದದ್ದು ಕೇಳಿಸಿಕೊಂಡವರ ಸ್ವಭಾವದ ದೋಷ ಎಂಬ ಧ್ವನಿ ಅದರಲ್ಲಿದೆ. ಈ ಕೌಶಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಇರಾನಿಗೆ ಗುಟ್ಟಾಗಿ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಜನವರಿಯಲ್ಲಿ ಸಂಸತ್ತಿನ ಮುಂದೆ ಹೇಳಿದ್ದು ‘ಗಂಭೀರ ತಪ್ಪುಗಳು ನಡೆದವು’ ಎಂದು. ತಪ್ಪು ನಡೆಯಿತೇ ಹೊರತು ಯಾರೂ ಮಾಡಲಿಲ್ಲ. ಇಂಥ ಪ್ರಯೋಗಕ್ಕೆ ರಾಜಕೀಯ ವಿಶ್ಲೇಷಕ ವಿಲಿಯಂ ಷ್ನೈಡರ್ ‘ದೋಷಮುಕ್ತಿಯ ಭೂತಕಾಲ’ ಎಂಬ ಅರ್ಥದ ಹೆಸರು ಕೊಟ್ಟರು. ಹೆಸರಿಡುವುದೂ ಒಂದು ಬಗೆಯ ವಿಡಂಬನೆಯೇ. ಹೆಸರು ಸಿಕ್ಕ ಮೇಲೆ ಆ ತಂತ್ರವನ್ನು ಮುಂದಿನ ಬಾರಿ ಗುರುತಿಸುವುದು ಸುಲಭ.

ಮೂರನೆಯ ಬಗೆ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಕರ್ತೃಪದ ಇರುತ್ತದೆ, ಆದರೆ ಬೇರೆಯವರದು. 1975ರ ಜೂನ್ 26ರ ಬೆಳಿಗ್ಗೆ ಆಕಾಶವಾಣಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ದೇಶಕ್ಕೆ ಹೇಳಿದ ಮಾತು ಇದರ ಅತ್ಯಂತ ಸ್ಪಷ್ಟ ಉದಾಹರಣೆ: ‘ರಾಷ್ಟ್ರಪತಿಯವರು ತುರ್ತು ಪರಿಸ್ಥಿತಿಯನ್ನು ಘೋಷಿಸಿದ್ದಾರೆ. ಗಾಬರಿಪಡುವಂಥದ್ದು ಏನೂ ಇಲ್ಲ.’ ಸಂವಿಧಾನದ 352ನೇ ವಿಧಿಯನ್ನು ಓದಿದರೆ ಮೊದಲ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಲ್ಲ. ಘೋಷಣೆಗೆ ಸಹಿ ಹಾಕುವವರು ರಾಷ್ಟ್ರಪತಿಯವರೇ. ನಡೆದದ್ದು ಮಾತ್ರ ಬೇರೆ. ಪ್ರಧಾನಿಯವರ ಆಯ್ಕೆ ಅಸಿಂಧು ಎಂದು ಅಲಹಾಬಾದ್ ಹೈಕೋರ್ಟ್ ಜೂನ್ 12ರಂದು ತೀರ್ಪು ಕೊಟ್ಟಿತ್ತು. 25ರ ರಾತ್ರಿ ಪ್ರಧಾನಿಯವರ ಪತ್ರ ರಾಷ್ಟ್ರಪತಿ ಭವನಕ್ಕೆ ಹೋಯಿತು, ಫಕ್ರುದ್ದೀನ್ ಅಲಿ ಅಹ್ಮದ್ ಅವರು ಆ ರಾತ್ರಿಯೇ ಸಹಿ ಹಾಕಿದರು, ದೆಹಲಿಯ ಪತ್ರಿಕಾ ಮುದ್ರಣಾಲಯಗಳಿಗೆ ವಿದ್ಯುತ್ ಕಡಿತವಾಯಿತು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಗಿನ ಜಾವ ಸಭೆಗೆ ಕರೆದಾಗ. ಸತ್ಯವಾದ ವಾಕ್ಯವೊಂದು ಸತ್ಯವನ್ನು ಎಷ್ಟು ಚೆನ್ನಾಗಿ ಮರೆಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಈ ವಾಕ್ಯಕ್ಕೆ ತಕ್ಕ ಉತ್ತರ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಅಬು ಅಬ್ರಹಾಂ ಅವರು ಬರೆದ ವ್ಯಂಗ್ಯಚಿತ್ರದ ಮೂಲಕ. ರಾಷ್ಟ್ರಪತಿಯವರು ಸ್ನಾನದ ತೊಟ್ಟಿಯಲ್ಲಿದ್ದಾರೆ. ಬಾಗಿಲ ಸಂದಿಯಲ್ಲಿ ನಿಂತವರ ಕೈಗೆ, ತೊಟ್ಟಿಯಿಂದ ಏಳದೆಯೇ, ಸಹಿ ಹಾಕಿದ ಕಾಗದವನ್ನು ಚಾಚಿದ್ದಾರೆ. ‘ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ’ ಎಂಬುದು ಅವರ ಮಾತು. ಈ ಚಿತ್ರದಲ್ಲಿ ಪ್ರಧಾನಿಯವರು ಇಲ್ಲ, ಜೈಲು ಇಲ್ಲ, ಪೊಲೀಸರಿಲ್ಲ, ಬೈಗುಳದ ಒಂದು ಪದವೂ ಇಲ್ಲ. ‘ಘೋಷಿಸಿದ್ದಾರೆ’ ಎಂದು ಸರ್ಕಾರವೇ ಹೇಳಿದ ವ್ಯಕ್ತಿಯನ್ನು ಸರ್ಕಾರದ ಮಾತಿನಂತೆಯೇ ಕರ್ತೃಸ್ಥಾನದಲ್ಲಿ ಕೂರಿಸಿ, ಅವರು ಆ ಸ್ಥಾನದಲ್ಲಿ ಏನು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಅಬು ತೋರಿಸಿದರು. ಓದದೆ, ಕೇಳದೆ, ಎದ್ದು ನಿಲ್ಲದೆ ಸಹಿ ಹಾಕುವವರು ಘೋಷಿಸುವವರಲ್ಲ ಎಂದು ನೋಡಿದವರಿಗೆ ತಾವಾಗಿಯೇ ಹೊಳೆಯಿತು, ಹಾಗಾದರೆ ಘೋಷಿಸಿದವರು ಯಾರು ಎಂಬ ಪ್ರಶ್ನೆ ಬಾಗಿಲಾಚೆಯ ಆ ಕೈಯ ಕಡೆಗೆ ತಿರುಗಿತು. ಎದುರಾಳಿಯ ಮಾತನ್ನು ಅವನ ಮಾತಿನಂತೆಯೇ ಹಿಡಿದು ಬೇರೆ ಅರ್ಥಕ್ಕೆ ತಿರುಗಿಸುವುದನ್ನು ನಮ್ಮ ಅಲಂಕಾರಶಾಸ್ತ್ರ ವಕ್ರೋಕ್ತಿ ಎಂದು ಕರೆಯುತ್ತದೆ. ಅಬು ಅವರದು ಗೆರೆಯಲ್ಲಿ ಬರೆದ ವಕ್ರೋಕ್ತಿ. ಆ ಹೊತ್ತಿನಲ್ಲಿ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು ಎಂಬುದನ್ನೂ ನೆನೆಯಬೇಕು. ಅಧಿಕಾರದ ಆವರಣದೊಳಗೆ ಕುಳಿತೇ ಇದನ್ನು ಬರೆದವರ ಧೈರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ.

ಇದರ ಪಕ್ಕದಲ್ಲಿ ಹೆಚ್ಚು ಪ್ರಸಿದ್ಧವಾದ ಇನ್ನೊಂದು ವಿಡಂಬನೆಯನ್ನು ಇಟ್ಟು ನೋಡಬಹುದು. ತುರ್ತು ಪರಿಸ್ಥಿತಿ ಬಂದು ಎರಡೇ ದಿನಕ್ಕೆ, ಜೂನ್ 28ರಂದು, ‘ಟೈಮ್ಸ್ ಆಫ್ ಇಂಡಿಯಾ’ದ ಮುಂಬೈ ಆವೃತ್ತಿಯ ವರ್ಗೀಕೃತ ಜಾಹೀರಾತುಗಳ ನಡುವೆ ಒಂದು ನಿಧನ ವಾರ್ತೆ ಕಾಣಿಸಿಕೊಂಡಿತು: ಡಿ.ಇ.ಎಂ. ಓಕ್ರಸಿ ಎಂಬವರು ಜೂನ್ 26ರಂದು ತೀರಿಕೊಂಡರು, ಅವರು ಟಿ. ರೂತ್ ಅವರ ಪತಿ, ಎಲ್.ಐ. ಬರ್ಟಿಯ ತಂದೆ, ಫೇತ್, ಹೋಪ್ ಮತ್ತು ಜಸ್ಟೀಷಿಯಾರ ಸಹೋದರ. ಅಕ್ಷರಗಳನ್ನು ಕೂಡಿಸಿ ಓದಿದರೆ ಡೆಮಾಕ್ರಸಿ, ಟ್ರೂತ್, ಲಿಬರ್ಟಿ ಎಂದಾಗುತ್ತದೆ. ಸಂಪಾದಕೀಯವನ್ನು ಹುಡುಕಿ ಹುಡುಕಿ ಹೊಡೆದುಹಾಕುತ್ತಿದ್ದ ಸೆನ್ಸಾರ್ ಕಣ್ಣಿಗೆ ಜಾಹೀರಾತಿನ ಪುಟ ಬೀಳಲಿಲ್ಲ. ಆ ದಿನಗಳಲ್ಲಿ ಹಾಗೆ ಬರೆಯುವ ಎದೆಗಾರಿಕೆ ದೊಡ್ಡದು. ಆದರೂ ಈ ಪ್ರಶ್ನೆಯ ಮಟ್ಟಿಗೆ ಸ್ನಾನದ ತೊಟ್ಟಿಯ ಚಿತ್ರವೇ ಹೆಚ್ಚು ಬಯಲು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ‘ತೀರಿಕೊಂಡರು’ ಎಂಬ ಕ್ರಿಯಾಪದದಲ್ಲಿ ಕೊಂದವರಿಲ್ಲ. ನಿಧನ ವಾರ್ತೆ ಶೋಕವನ್ನು ಹೇಳಿತು, ಹೊಣೆಯನ್ನು ಹೇಳಲಿಲ್ಲ.

ಇಷ್ಟು ಹೊತ್ತು ನಗುವಿನ ಮಾತಾಯಿತು. ನಗುವಿಲ್ಲದೆಯೂ ಜಾರಿಕೆ ಬಯಲಾಗುತ್ತದೆ, ಮತ್ತು ವಾದಕೌಶಲ ತನ್ನ ಪೂರ್ತಿ ಬಲದಲ್ಲಿ ಕಾಣುವುದು ಅಲ್ಲಿಯೇ. ತುರ್ತು ಪರಿಸ್ಥಿತಿಯ ಬಂಧನಗಳ ಭಾಷೆಯನ್ನು ತೆಗೆದುಕೊಳ್ಳಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಇಲ್ಲಿಯೇ ಹಿಡಿದು ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಬಂಧಿತರು ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಹಕ್ಕನ್ನು ಜಾರಿಗೊಳಿಸುವಂತೆ ಕೋರುವ ಅವಕಾಶ ಅಮಾನತಿನಲ್ಲಿದೆ, ಆದ್ದರಿಂದ ಅರ್ಜಿಗಳು ನಿಲ್ಲುವುದಿಲ್ಲ ಎಂಬುದು ಸರ್ಕಾರದ ವಾದವಾಗಿತ್ತು. ಕೇಳಲು ಅದೊಂದು ತಾಂತ್ರಿಕ ಸಂಗತಿಯಂತೆ ಇತ್ತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಕೇಳಿದರು: 21ನೇ ವಿಧಿಯಲ್ಲಿ ಜೀವದ ಮಾತೂ ಇದೆ, ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತಮ್ಮ ವಾದಕ್ಕೆ ಬದ್ಧರಾಗಿ ಹೇಳುವುದಾದರೆ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ಉತ್ತರಿಸಿದರು. ಅದು ತಮ್ಮ ಅಂತಃಸಾಕ್ಷಿಗೂ ಆಘಾತಕರ ಎಂದೂ ಒಪ್ಪಿಕೊಂಡರು.

ತರ್ಕಶಾಸ್ತ್ರದಲ್ಲಿ ಇದನ್ನು ಅನಿಷ್ಟಪ್ರಸಂಗ ಎನ್ನುತ್ತಾರೆ: ಎದುರಾಳಿಯ ಮಾತನ್ನು ಒಪ್ಪಿಕೊಂಡಂತೆಯೇ ಮುಂದುವರಿಸಿ, ಅವನೇ ಒಪ್ಪಲಾರದ ಜಾಗಕ್ಕೆ ತಂದು ನಿಲ್ಲಿಸುವುದು. ಖನ್ನಾ ಅವರ ಪ್ರಶ್ನೆಯ ಶಕ್ತಿ ಅದರ ವಿವರದಲ್ಲಿದೆ. ‘ಹಕ್ಕಿನ ಅಮಾನತು’ ಎಂಬ ಹೊಗೆಯೊಳಗಿಂದ ಒಬ್ಬ ಪೊಲೀಸ್ ಅಧಿಕಾರಿ, ಅವನ ದ್ವೇಷ, ಒಂದು ಶವ ಹೊರಬಂದವು. ಮಾಡುವವನೂ ಬಂದ, ಅನುಭವಿಸುವವನೂ ಬಂದ. 1976ರ ಏಪ್ರಿಲ್ 28ರಂದು ಬಂದ ತೀರ್ಪಿನಲ್ಲಿ ಐವರಲ್ಲಿ ನಾಲ್ವರು ಸರ್ಕಾರದ ಪರ ನಿಂತರು, ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮರುವರ್ಷ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. ಬಹುಮತದ ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ರದ್ದುಪಡಿಸಿದ್ದು 2017ರ ಖಾಸಗಿತನದ ತೀರ್ಪಿನಲ್ಲಿ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಾಲ್ಕು ದಶಕಗಳ ಕಾಲ ಜನ ನೆನಪಿಟ್ಟುಕೊಂಡದ್ದು ಬಹುಮತದ ಪುಟಗಳನ್ನಲ್ಲ, ಆ ಒಂದು ಪ್ರಶ್ನೆ ಮತ್ತು ಆ ಒಂದು ಉತ್ತರವನ್ನು.

ಇನ್ನು ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ವಿಡಂಬನೆ ಮರೆವಿಗೆ ದಾರಿ ಮಾಡಿಕೊಡುವುದು ಯಾವಾಗ? ಟೀವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ನಾಯಕರ ದನಿಯನ್ನು, ತಡವರಿಕೆಯನ್ನು, ಶಲ್ಯ ಸರಿಪಡಿಸಿಕೊಳ್ಳುವ ರೀತಿಯನ್ನು ಅನುಕರಿಸುತ್ತಾರೆ. ಅದರಲ್ಲಿ ಕಲೆ ಇರಬಹುದು. ಆದರೆ ಅನುಕರಣೆಗೆ ಒಳಗಾದವರಿಗೆ ಅದರಿಂದ ನಷ್ಟವೇನೂ ಇಲ್ಲ. ಅನೇಕರು ಅದನ್ನು ಮೆಚ್ಚಿ ವೇದಿಕೆಯ ಮೇಲೆಯೇ ಶಾಲು ಹೊದಿಸುತ್ತಾರೆ. ಕೆರೆ ಒತ್ತುವರಿಯ ಬಗ್ಗೆ ಅವರು ಕೊಡದ ಉತ್ತರ ಹಾಗೆಯೇ ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ‘ಎಲ್ಲರೂ ಕಳ್ಳರೇ’ ಎಂಬ ಧಾಟಿಯ ವಿಡಂಬನೆ. ಕೇಳಲು ಅದು ನಿಷ್ಠುರವಾಗಿದೆ, ನಮ್ಮ ಸಿಟ್ಟಿಗೂ ಹಿತವಾಗಿದೆ. ಪರಿಣಾಮದಲ್ಲಿ ಮಾತ್ರ ಅದು ‘ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದ ಒಡಹುಟ್ಟು. ಒಂದರಲ್ಲಿ ಕರ್ತೃವೇ ಇಲ್ಲ, ಇನ್ನೊಂದರಲ್ಲಿ ಎಲ್ಲರೂ ಕರ್ತೃಗಳು. ಎರಡರಲ್ಲಿಯೂ ನಿರ್ದಿಷ್ಟ ವ್ಯಕ್ತಿಯೊಬ್ಬರು ನಿರ್ದಿಷ್ಟ ದಿನ ಮಾಡಿದ ಕೆಲಸಕ್ಕೆ ಉತ್ತರ ಹೇಳಬೇಕಾಗಿಲ್ಲ. ಎಲ್ಲರೂ ಕಳ್ಳರಾದ ಊರಿನಲ್ಲಿ ಕಳ್ಳನಿಗೆ ಸಿಗುವಷ್ಟು ನೆಮ್ಮದಿ ಬೇರೆಲ್ಲಿಯೂ ಸಿಗುವುದಿಲ್ಲ.

ಒಳ್ಳೆಯ ವಿಡಂಬನೆಗೂ ಒಂದು ಮಿತಿಯಿದೆ ಎಂಬುದನ್ನು ಒಪ್ಪಬೇಕು: ಅದು ಪ್ರಶ್ನೆಯನ್ನು ತಿರುಗಿಸಬಲ್ಲದು, ಉತ್ತರವನ್ನು ದಾಖಲೆಗೆ ತರಲಾರದು. ಸಂಪುಟವನ್ನು ಮುಂಚಿತವಾಗಿ ಕೇಳದೆಯೇ ಘೋಷಣೆ ಹೊರಟಿತೆಂಬುದನ್ನು ಸಾಕ್ಷ್ಯಗಳ ಸಮೇತ ಬರೆದಿಟ್ಟದ್ದು ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆಂದು 1977ರ ಮೇ ತಿಂಗಳಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ. ನಮ್ಮ ಸಂಸತ್ತಿನಲ್ಲಿಯೂ ಹೆಚ್ಚು ಜನ ಗಮನಿಸದ ಒಂದು ವ್ಯವಸ್ಥೆಯಿದೆ. 1953ರಿಂದ ಲೋಕಸಭೆಯಲ್ಲಿರುವ ಸರ್ಕಾರಿ ಭರವಸೆಗಳ ಸಮಿತಿ, ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸಿ ನೋಡುತ್ತೇನೆ’ ಎಂಬಂಥ ಸಚಿವರ ಮಾತುಗಳ ಒಂದು ಪಟ್ಟಿಯನ್ನೇ ಇಟ್ಟುಕೊಂಡಿದೆ. ಸದನದಲ್ಲಿ ಆ ಮಾತು ಬಂದರೆ ಅದು ಭರವಸೆ ಎಂದು ನಮೂದಾಗುತ್ತದೆ, ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು, ಇಲ್ಲವಾದರೆ ಹೆಚ್ಚಿನ ಕಾಲಾವಕಾಶ ಕೋರಬೇಕು. ಜಾರಿಕೊಳ್ಳಲು ಆಡಿದ ಮಾತನ್ನೇ ವಾಗ್ದಾನವೆಂದು ಹಿಡಿಯುವ ಈ ಕ್ರಮದಲ್ಲಿ ನನಗೆ ವಕ್ರೋಕ್ತಿಯ ತಿರುವೇ ಕಾಣುತ್ತದೆ.

ಸಾಮಾನ್ಯ ನಾಗರಿಕರ ಕೈಯಲ್ಲಿರುವ ಉಪಾಯವೂ ಇದೇ ಜಾತಿಯದು. ‘ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗುತ್ತಿದೆ’ ಎಂಬ ಉತ್ತರ ಬಂದಾಗ, ಸಾಮಾಜಿಕ ಜಾಲತಾಣದಲ್ಲಿ ಅದನ್ನು ಹಾಕಿ ನಗುವುದು ಒಂದು ದಾರಿ. ನಗಬಾರದೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ ಹಾಕಿ: ನನ್ನ ಅರ್ಜಿ ಯಾವ ದಿನಾಂಕದಂದು ಯಾವ ಅಧಿಕಾರಿಯ ಮೇಜಿಗೆ ಹೋಯಿತು, ಅವರ ಹೆಸರು ಮತ್ತು ಹುದ್ದೆ ಏನು, ಕಡತ ಅವರ ಬಳಿ ಎಷ್ಟು ದಿನ ಇತ್ತು, ಅವರು ಬರೆದ ಟಿಪ್ಪಣಿಯ ಪ್ರತಿ ಕೊಡಿ. 30 ದಿನಗಳೊಳಗೆ ಇದಕ್ಕೆ ಬರಬೇಕಾದ ಉತ್ತರವನ್ನು ಹೆಸರು, ಹುದ್ದೆ, ದಿನಾಂಕಗಳಿಲ್ಲದೆ ಬರೆಯಲು ಸಾಧ್ಯವಿಲ್ಲ.