ತುಕ್ಕು ಹಿಡಿಯದ ಲೋಹಕ್ಕೆ ಸಂದಿನಲ್ಲಿ ಏನಾಯಿತು?

ದೇಹದೊಳಗೆ ಕೃತಕ ಕೀಲು, ಸ್ಕ್ರೂ ಕೂರಿಸುವಾಗ ‘ಟೈಟಾನಿಯಂ ಹಾಕಿದ್ದೇವೆ, ತುಕ್ಕು ಹಿಡಿಯಲ್ಲ’ ಅನ್ನುತ್ತಾರೆ. ಬಹುಮಟ್ಟಿಗೆ ನಿಜ. ಹಾಗಿದ್ದರೆ ಅದಕ್ಕೆ ಹೊಸ ಹೊಸ ಲೇಪ, ಹೊಸ ಮಿಶ್ರಲೋಹ ಯಾಕೆ ಬರುತ್ತಲೇ ಇವೆ?

ಗಾಳಿ ತಾಗಿದ ಕೂಡಲೇ ಟೈಟಾನಿಯಂ ಮೇಲೆ ಆಮ್ಲಜನಕ ಸೇರಿ ಆಕ್ಸೈಡಿನ ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್. ಗೀರಿದರೂ ತಕ್ಷಣ ಮತ್ತೆ ಕೂಡಿಕೊಳ್ಳುತ್ತದೆ. ಈ ಲೋಹಕ್ಕಿರುವ ಕಾವಲು ಅಷ್ಟೇ. 1950ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್, ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ಬಿಡಿಸಲಾಗದಂತೆ ಬೆಸೆದುಕೊಂಡಿದ್ದನ್ನು ಕಂಡರು. 1965ಕ್ಕೆ ಅದು ಕೃತಕ ಹಲ್ಲಿನ ಬೇರಾಗಿ ಮನುಷ್ಯರ ದವಡೆಗೂ ಬಂತು. ಸೊಂಟದ ಕೃತಕ ಕೀಲಾಗಿ ಭಾರ ಹೊರಲು ಶುದ್ಧ ಲೋಹ ಸಾಲದು. ಅದಕ್ಕೆ ವಿಮಾನಕ್ಕೆಂದು ಮಾಡಿದ್ದ, 6% ಅಲ್ಯೂಮಿನಿಯಂ, 4% ವೆನೇಡಿಯಂ ಇರುವ ಮಿಶ್ರಲೋಹವನ್ನೇ ತಂದರು. ವೆನೇಡಿಯಂ ದೇಹಕ್ಕೆ ವಿಷವಾದೀತೆಂಬ ಅಳುಕು ಹುಟ್ಟಿದಾಗ ಸ್ವಿಟ್ಜರ್ಲೆಂಡಿನಲ್ಲಿ ಅದರ ಜಾಗಕ್ಕೆ ನಿಯೋಬಿಯಂ ಬಂತು.

ಗೋಜಲು ಜಾಸ್ತಿಯಾಗಿದ್ದು 1980ರ ದಶಕದಲ್ಲಿ. ಮೊದಲು ಕೃತಕ ಸೊಂಟದ ಕಡ್ಡಿ (ತೊಡೆಮೂಳೆಯೊಳಗೆ ಇಳಿಯುವುದು) ಮತ್ತು ಗುಂಡು (ಕೀಲಿನ ಗುಳಿಯಲ್ಲಿ ತಿರುಗುವುದು) ಹೆಚ್ಚಾಗಿ ಒಂದೇ ತುಂಡು. ಆಮೇಲೆ ಅವು ಬೇರೆಬೇರೆಯಾದವು. ರೋಗಿಯ ಅಳತೆಗೆ ಗುಂಡು ಆರಿಸಿ, ಕಡ್ಡಿಯ ಕಿರಿದಾಗುತ್ತ ಹೋಗುವ ತುದಿಗೆ ತಟ್ಟಿ ಕೂರಿಸಿದರಾಯಿತು. ದೊಡ್ಡ ಅನುಕೂಲವೇ. ಆದರೆ ಅಲ್ಲೊಂದು ಸಂದು ಹುಟ್ಟಿತು. ಒಂದು ಕಾಲು ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಗೂ ಸಂದಿನಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ, ಕಣ್ಣಿಗೆ ಕಾಣದಷ್ಟು. ಪೊರೆ ಕಿತ್ತುಬರುತ್ತದೆ. ಮತ್ತೆ ಕಟ್ಟಲು ಆಮ್ಲಜನಕ ಬೇಕು, ಇಕ್ಕಟ್ಟಿನ ಸಂದಿನಲ್ಲಿ ಅದು ಬೇಗ ಮುಗಿಯುತ್ತದೆ. ದೇಹದ್ರವದ ಉಪ್ಪಿನಲ್ಲಿರುವ ಕ್ಲೋರೈಡ್ ಸೇರುತ್ತದೆ, ಆಮ್ಲ ಹೆಚ್ಚುತ್ತದೆ. ಆಗ ಲೋಹ ಕರಗತೊಡಗುತ್ತದೆ. ಟೈಟಾನಿಯಂ ಕಡ್ಡಿಗೆ ಕೋಬಾಲ್ಟ್-ಕ್ರೋಮ್ ಮಿಶ್ರಲೋಹದ ಗುಂಡು ಜೋಡಿಸಿದ ಕಡೆ ಹೆಚ್ಚಾಗಿ ಸವೆದದ್ದು ಗುಂಡಿನ ಕಡೆಯ ಲೋಹ. ನೋವು, ಸುತ್ತಲಿನ ಮಾಂಸದ ಹಾನಿ ಮಾತ್ರ ರೋಗಿಯ ಪಾಲಿಗೆ.

ದೇಹದಿಂದ ತೆಗೆದ ಕೀಲುಗಳಲ್ಲಿ 1990ರ ದಶಕದ ಆರಂಭಕ್ಕೇ ಇದು ಕಂಡಿತ್ತು. ಆದರೂ ಕಡ್ಡಿಗೂ ಗುಂಡಿಗೂ ನಡುವಿನ ಕುತ್ತಿಗೆಯನ್ನೂ ಬಿಡಿ ಮಾಡಿ ಎರಡನೇ ಸಂದು ಸೇರಿಸಲಾಯಿತು. ಅಂಥ ಕೆಲವು ಕೀಲುಗಳನ್ನು 2012ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ಪಡೆದರು. ಇನ್ನಷ್ಟು ವರ್ಷ ಕಾದು ನೋಡಬಹುದಿತ್ತು, ಅಲ್ವಾ?

ಈಗ ಪೊರೆಯನ್ನು ಗಟ್ಟಿಮಾಡುವ ದಾರಿಗಳು ಹಲವು. ವಿದ್ಯುತ್ ಹಾಯಿಸಿ ಆಕ್ಸೈಡನ್ನು ದಪ್ಪ ಮಾಡುತ್ತಾರೆ. ನೇರಳೆ, ಚಿನ್ನದ ಬಣ್ಣದ ಸ್ಕ್ರೂಗಳು ಹಾಗೆ ಬಂದವು. ನೈಟ್ರೈಡ್ (ಲೋಹಕ್ಕೆ ಸಾರಜನಕ ಸೇರಿದ ಗಟ್ಟಿ ವಸ್ತು) ಲೇಪವೂ ಇದೆ, ಬಿರುಕು ಬಿಟ್ಟರೆ ಅದರ ಚೂರೇ ಉಜ್ಜತೊಡಗುತ್ತದೆ. ಸೆರಾಮಿಕ್ ಗುಂಡು ಹಾಕಿದರೆ ಸಂದಿನ ಸವೆತ ಕಡಿಮೆ, ಪೂರ್ತಿ ನಿಲ್ಲುವುದಿಲ್ಲ. ಸುಮ್ನೆ ಉಪ್ಪುನೀರಿನಲ್ಲಿ ಮುಳುಗಿಸಿಟ್ಟ ಲೋಹ ಇದನ್ನೆಲ್ಲ ತೋರಿಸದು. ಹಾಗಾಗಿ ಲೋಹವನ್ನು ಉಪ್ಪುನೀರಿನಲ್ಲಿ ಉಜ್ಜುತ್ತಲೇ, ಅದು ಕರಗುವಾಗ ಹರಿಯುವ ಕರೆಂಟ್ ಅಳೆಯುವ ಪರೀಕ್ಷೆಗಳು ಬಂದಿವೆ. ಕೆಲವರು ಆ ನೀರಿಗೆ ಹೈಡ್ರೋಜನ್ ಪೆರಾಕ್ಸೈಡನ್ನೂ ಬೆರೆಸುತ್ತಾರೆ, ಉರಿಯೂತವಾದಾಗ ನಮ್ಮ ರಕ್ಷಣಾ ಕೋಶಗಳು ಸುರಿಸುವುದು ಅದನ್ನೇ.