ಸ್ಟಾರ್‌ಬಕ್ ಹೆಣ್ಣಾದಳು ಅನ್ನೋದಷ್ಟೇ ಸಿಟ್ಟಲ್ಲ: ಗ್ಯಾಲಕ್ಟಿಕಾ ಜಗಳದ ಹಿನ್ನೆಲೆ

ಹಳೆಯ ಧಾರಾವಾಹಿಯನ್ನು ಮತ್ತೆ ಮಾಡುತ್ತಾರೆ ಅನ್ನೋ ಸುದ್ದಿ ಬಂದರೆ ಸಾಕು, ಆನ್‌ಲೈನ್‌ನಲ್ಲಿ ಅಭಿಮಾನಿಗಳು ಕತ್ತಿ ಮಸೆಯತೊಡಗುತ್ತಾರೆ. ಈಗ ಇದು ಮಾಮೂಲು. ಆದರೆ ಫೇಸ್‌ಬುಕ್, ಟ್ವಿಟರ್ ಹುಟ್ಟುವ ಮೊದಲೇ ಅಮೆರಿಕದಲ್ಲಿ ಇಂಥದ್ದೊಂದು ರಾದ್ಧಾಂತ ನಡೆದಿತ್ತು. 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಅನ್ನೋ ಬಾಹ್ಯಾಕಾಶ ಧಾರಾವಾಹಿಯ ರೀಮೇಕ್‌ನ ಜಗಳ ಅದು. ಇವತ್ತು ಆ ಬಗ್ಗೆ ಮಾತು ಬಂದಾಗ "ಸ್ಟಾರ್‌ಬಕ್ ಎಂಬ ಗಂಡು ಪಾತ್ರವನ್ನು ಹೆಣ್ಣು ಮಾಡಿದರು, ಅದಕ್ಕೆ ಗಲಾಟೆ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ವಿಷಯ ಅಷ್ಟು ಸರಳವಾಗಿರಲಿಲ್ಲ.

ಮೂಲ ಸರಣಿ ಎಬಿಸಿ ಚಾನೆಲ್‌ನಲ್ಲಿ ಶುರುವಾದದ್ದು 1978ರ ಸೆಪ್ಟೆಂಬರ್‌ನಲ್ಲಿ. ಸೈಲಾನ್‌ಗಳೆಂಬ ಯಂತ್ರಗಳು ಮನುಷ್ಯರ 12 ಲೋಕಗಳನ್ನು ನಾಶ ಮಾಡುತ್ತವೆ. ಬದುಕುಳಿದವರು ಒಂದು ಯುದ್ಧನೌಕೆಯ ಆಸರೆಯಲ್ಲಿ ಭೂಮಿಯನ್ನು ಹುಡುಕುತ್ತಾ ಹೊರಡುತ್ತಾರೆ. ಖರ್ಚು ವಿಪರೀತವಾಗಿತ್ತು, ನೋಡುವವರು ಇಳಿದರು, ಒಂದೇ ಸೀಸನ್‌ಗೆ ನಿಂತಿತು. 1980ರಲ್ಲಿ ಅಗ್ಗದಲ್ಲಿ ತೆಗೆದ ಮುಂದುವರಿಕೆಯೂ 10 ಕಂತಿಗೆ ಮುಗಿಯಿತು. ಆಮೇಲೆ ಸುಮಾರು ಎರಡು ದಶಕ ಅದನ್ನು ನೆನಪಿಟ್ಟವರು ಅಭಿಮಾನಿಗಳು ಮಾತ್ರ.

ಅವರ ಜೊತೆ ನಿಂತವರು ನಟ ರಿಚರ್ಡ್ ಹ್ಯಾಚ್. ಮೂಲ ಸರಣಿಯಲ್ಲಿ ನಾಯಕ ಅಪೋಲೊ ಆಗಿದ್ದವರು. ಕಥೆ ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದುವರಿಯಬೇಕು ಅನ್ನೋದು ಅವರ ಹಟ. ಕಾದಂಬರಿಗಳನ್ನು ಬರೆದರು. 1999ರ ಹೊತ್ತಿಗೆ ಕೈಯಿಂದ ದುಡ್ಡು ಹಾಕಿ ಒಂದು ಟ್ರೇಲರ್ ಮಾಡಿ ಅಭಿಮಾನಿಗಳ ಸಮಾವೇಶಗಳಲ್ಲಿ ತೋರಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೆ ಹಕ್ಕು ಅವರದಾಗಿರಲಿಲ್ಲ. ಅದು ಸ್ಟುಡಿಯೋದ್ದು.

2001ರಲ್ಲಿ ಆಸೆ ನಿಜವಾಗುವ ಹಾಗೆ ಕಂಡಿತು. ನಿರ್ದೇಶಕ ಬ್ರಯಾನ್ ಸಿಂಗರ್ ಮತ್ತು ನಿರ್ಮಾಪಕ ಟಾಮ್ ಡಿಸ್ಯಾಂಟೊ ಸೇರಿ ಫಾಕ್ಸ್ ಚಾನೆಲ್‌ಗಾಗಿ ಮುಂದುವರಿಕೆಯನ್ನೇ ತಯಾರು ಮಾಡುತ್ತಿದ್ದರು. ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲಸ ತಡವಾಯಿತು. ಸಿಂಗರ್ 'ಎಕ್ಸ್-ಮೆನ್'ನ ಎರಡನೇ ಚಿತ್ರಕ್ಕೆ ಹೋದರು, ಫಾಕ್ಸ್ ಕೈಬಿಟ್ಟಿತು. ಬಾಯಿಗೆ ಬಂದ ತುತ್ತು ಜಾರಿತ್ತು. ಮುಂದಿನ ಸಿಟ್ಟಿನ ಅರ್ಧ ಪಾಲು ಇಲ್ಲಿಂದಲೇ ಬಂದದ್ದು ಅನ್ನೋದು ನನ್ನ ಲೆಕ್ಕ.

ಏಕೆಂದರೆ ಅದಾದ ಸ್ವಲ್ಪ ಸಮಯಕ್ಕೇ ಸೈ-ಫೈ ಚಾನೆಲ್‌ಗಾಗಿ ಬಂದವರು ನಿರ್ಮಾಪಕ ಡೇವಿಡ್ ಐಕ್ ಮತ್ತು ಲೇಖಕ-ನಿರ್ಮಾಪಕ ರೊನಾಲ್ಡ್ ಡಿ. ಮೂರ್. ಇವರು ಮುಂದುವರಿಸಲು ಬಂದವರಲ್ಲ, ಮೊದಲಿನಿಂದ ಹೊಸದಾಗಿ ಹೇಳಲು ಬಂದವರು. ಸೈಲಾನ್‌ಗಳನ್ನು ಸೃಷ್ಟಿಸಿದ್ದು ಮನುಷ್ಯರೇ, ಈಗ ಅವು ನೋಡಲು ಮನುಷ್ಯರಂತೆಯೇ ಇವೆ. ಸಿಗಾರ್ ಸೇದುವ, ಜೂಜಾಡುವ ಪೈಲಟ್ ಸ್ಟಾರ್‌ಬಕ್ ಈಗ ಹೆಣ್ಣು. ನಟಿ ಕೇಟಿ ಸ್ಯಾಕಾಫ್. ಸ್ಕ್ರಿಪ್ಟ್ ಶೂಟಿಂಗ್‌ಗೆ ಮೊದಲೇ ಸೋರಿ ಅಭಿಮಾನಿಗಳ ಕೈಗೆ ಸಿಕ್ಕಿತು. ಟಿವಿ ವೈಜ್ಞಾನಿಕ ಕಥೆಗಳ ರೀತಿಯನ್ನೇ ಬದಲಿಸುತ್ತೇವೆ ಎಂದು ಮೂರ್ ಬರೆದದ್ದೂ ಓಡಾಡಿತು. 25 ವರ್ಷ ಹಳೆಯದನ್ನು ಎದೆಗವಚಿಕೊಂಡು ಕೂತವರಿಗೆ ಇದು ಹೇಗೆ ಕೇಳಿಸಿರಬೇಡ ಹೇಳಿ. ಬಹಿಷ್ಕಾರದ ಕರೆಗಳು ಬಂದವು. 'ಹೆಸರಿಗಷ್ಟೇ ಗ್ಯಾಲಕ್ಟಿಕಾ' ಎಂಬ ಅಡ್ಡಹೆಸರೂ ಅಂಟಿತು.

ತಮಾಷೆ ಏನೆಂದರೆ, ಮೂರ್ ಅಭಿಮಾನಿಗಳನ್ನು ದೂರ ಇಡುವವರಲ್ಲ. 'ಸ್ಟಾರ್ ಟ್ರೆಕ್' ಸರಣಿಗಳಿಗೆ ಬರೆಯುತ್ತಿದ್ದ ಕಾಲದಲ್ಲೇ 'ಅಮೆರಿಕ ಆನ್‌ಲೈನ್' ಎಂಬ ಇಂಟರ್ನೆಟ್ ಸೇವೆಯಲ್ಲಿ ಕೂತು ವೀಕ್ಷಕರ ಪ್ರಶ್ನೆಗಳಿಗೆ ತಾವೇ ಉತ್ತರಿಸುತ್ತಿದ್ದರು. ಹಾಗಾಗಿ 2003ರಲ್ಲಿ, ಮೂಲ ಸರಣಿಯ 25ನೇ ವರ್ಷದ ಸಮಾವೇಶಕ್ಕೆ ಹೊಸ ದೃಶ್ಯಗಳನ್ನು ಹಿಡಿದುಕೊಂಡು ಹೋದರು. ಸಭಿಕರು ಕೂಗಾಡಿದರು. ಗಲಾಟೆ ತಣಿಸಲು ವೇದಿಕೆಗೆ ಬಂದದ್ದು ಅದೇ ರಿಚರ್ಡ್ ಹ್ಯಾಚ್. ಹೊಸ ಸರಣಿ ಬಂದರೆ ತಮ್ಮ ಕನಸು ಮುಗಿಯುತ್ತದೆ ಎಂದು ಗೊತ್ತಿದ್ದೂ, ಅತಿಥಿಗೆ ಮರ್ಯಾದೆ ಕೊಡಿ ಎಂದರು. ಅದೇ ವರ್ಷ ಹೊಸ ಸರಣಿಯಲ್ಲಿ ನೌಕೆಯ ಕಮಾಂಡರ್ ಅಡಾಮಾ ಪಾತ್ರಧಾರಿ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಪತ್ರಕರ್ತರ ಮುಂದೆ, ಹಳೆಯದರ ಕಟ್ಟಾ ಅಭಿಮಾನಿಗಳು ಇದನ್ನು ನೋಡಲೇಬೇಡಿ ಎಂದುಬಿಟ್ಟರು. ಪ್ರಚಾರ ಮಾಡಬೇಕಾದವರು ಆಡುವ ಮಾತಾ ಇದು? ಆದರೆ ನನಗೆ ಇದು ಪ್ರಾಮಾಣಿಕವಾಗಿಯೇ ಕಾಣುತ್ತದೆ. ಎಲ್ಲರನ್ನೂ ಖುಷಿಪಡಿಸುತ್ತೇವೆ ಅನ್ನೋ ಹುಸಿ ಭರವಸೆಗಿಂತ ಮೇಲು.

2003ರ ಡಿಸೆಂಬರ್ 8 ಮತ್ತು 9ರಂದು ಮಿನಿಸರಣಿ ಬಂತು. ಎರಡನೇ ರಾತ್ರಿ ನೋಡಿದವರು ಮೊದಲ ರಾತ್ರಿಗಿಂತ ಜಾಸ್ತಿ. ಪೂರ್ಣ ಸರಣಿಗೆ ದಾರಿಯಾಯಿತು. ಮುಂದಿನ ವರ್ಷ ಹಳೆಯ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಒಂದು ಲೇಖನ ಬರೆದು, ಗಂಡಸುತನವನ್ನೇ ಕಿತ್ತುಹಾಕಿದ್ದಾರೆ ಎಂದು ಹರಿಹಾಯ್ದರು. ಜಗಳ ಕಥೆಯಿಂದ ಹೆಣ್ಣು-ಗಂಡಿನ ಕಡೆಗೆ ಪೂರ್ತಿ ಹೊರಳಿತು. ಕಾದು ಕಾದು ಸೋತವರ ನೋವು ಅದರಡಿಯಲ್ಲಿ ಮುಚ್ಚಿಹೋಯಿತು. ಹ್ಯಾಚ್ ಮಾತ್ರ ಬೇರೆ ದಾರಿ ಹಿಡಿದರು. ಮೂರ್ ಕರೆದಾಗ ಒಪ್ಪಿ, ಕೈದಿಯಾಗಿದ್ದು ರಾಜಕಾರಣಿಯಾಗುವ ಟಾಮ್ ಝಾರೆಕ್ ಪಾತ್ರ ಮಾಡಿದರು. ನಾಲ್ಕು ಸೀಸನ್‌ಗಳಲ್ಲೂ ಬಂದು ಹೋದರು. ಕೆಲವು ಹಳೆಯ ಅಭಿಮಾನಿಗಳು ಅವರ ಹಿಂದೆಯೇ ಈ ಕಡೆ ಬಂದರು. ಕೆಲವರು ಅವರನ್ನೂ ಕ್ಷಮಿಸಲಿಲ್ಲ.

ಮೊದಲ ಸೀಸನ್ ಬ್ರಿಟನ್‌ನಲ್ಲಿ 2004ರ ಅಕ್ಟೋಬರ್‌ನಲ್ಲೇ ಬಂತು, ಅಮೆರಿಕಕ್ಕೆ 2005ರ ಜನವರಿಯಲ್ಲಿ. ನಡುವಿನ ತಿಂಗಳುಗಳಲ್ಲಿ ಅಮೆರಿಕದವರು ಟೊರೆಂಟ್‌ನಲ್ಲಿ ಇಳಿಸಿಕೊಂಡು ನೋಡಿದರು. ಹೊಸದೊಂದು ಅಭಿಮಾನಿ ಬಳಗ ಹುಟ್ಟಿತು. ಮೂರ್ ಕಂತು ಕಂತಿಗೂ ಪಾಡ್‌ಕಾಸ್ಟ್ ಮಾಡಿ, ಮನೆಯಲ್ಲಿ ವಿಸ್ಕಿ ಗ್ಲಾಸು ಹಿಡಿದು, ಯಾವ ದೃಶ್ಯ ಕೆಟ್ಟಿತು ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಇಷ್ಟು ಬಿಚ್ಚುಮನಸ್ಸಿನ ನಿರ್ಮಾಪಕರು ಆಗ ಅಪರೂಪ.

ಇಷ್ಟಾದರೂ 2009ರ ಮಾರ್ಚ್ 20ರ ಕೊನೆಯ ಕಂತು ಮತ್ತೆ ಬೆಂಕಿ ಹಚ್ಚಿತು. ಒಗಟುಗಳಿಗೆ ಸಿಕ್ಕ ಉತ್ತರ ದೈವಲೀಲೆ ಎಂಬಂತಿತ್ತು. ಮೋಸವಾಯಿತು ಎಂದು ಕೂಗಿದವರಲ್ಲಿ, ಐದು ವರ್ಷದ ಹಿಂದೆ ಹಳಬರನ್ನು "ಬದಲಾವಣೆ ಒಪ್ಪಿಕೊಳ್ಳಿ" ಎಂದು ಗದರಿದ್ದವರೂ ಇದ್ದರು. ಈಗ ಸರಣಿ ಅವರದಾಗಿತ್ತು, ಅಲ್ವಾ?

ಮೂಲ ಸರಣಿಯನ್ನು ಸೃಷ್ಟಿಸಿದ ಗ್ಲೆನ್ ಲಾರ್ಸನ್ 2014ರಲ್ಲಿ, ಹ್ಯಾಚ್ 2017ರಲ್ಲಿ ತೀರಿಕೊಂಡರು. 2019ರಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸಂಸ್ಥೆ ಸ್ಯಾಮ್ ಎಸ್ಮೇಲ್ ನೇತೃತ್ವದಲ್ಲಿ ಇನ್ನೊಂದು ಗ್ಯಾಲಕ್ಟಿಕಾ ಘೋಷಿಸಿತು. ಎಸ್ಮೇಲ್ ಟ್ವಿಟರ್‌ನಲ್ಲಿ ಅಭಿಮಾನಿಗಳಿಗೆ ಧೈರ್ಯ ಹೇಳಿದರು: ಮೂರ್ ಅವರ ಸರಣಿಯ ರೀಮೇಕ್ ಇದಲ್ಲ, ಅಷ್ಟು ಚೆನ್ನಾಗಿರುವುದನ್ನು ಯಾಕೆ ಮುಟ್ಟಬೇಕು ಅನ್ನೋ ಅರ್ಥದ ಮಾತು. 1978ರ ಸರಣಿಯ ಪ್ರಸ್ತಾಪ ಅದರಲ್ಲಿರಲಿಲ್ಲ. 2024ರಲ್ಲಿ ಪೀಕಾಕ್ ಆ ಯೋಜನೆಯನ್ನೂ ಕೈಬಿಟ್ಟಿತು.